ಹಟ ಹಿಡಿದ ಹಳೆಯ ಲಾರಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ದೂರು ಬದಲಾಗುತ್ತದೆ. ಬೇಸಿಗೆಯಲ್ಲಿ ರೇಡಿಯೇಟರ್ ಕುದಿಯುವುದು, ಘಟ್ಟ ಹತ್ತುವಾಗ ಎಳೆತ ಸಾಲದಿರುವುದು ಇವೇ ಹೆಚ್ಚು. ಆಷಾಢ ಬಂತೆಂದರೆ ‘ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ’ ಎಂಬ ಒಂದೇ ಮಾತು. ಈ ಸಲ ಹಳಿಯಾಳದಿಂದ ಭಟ್ಕಳದವರೆಗೆ ಬಂದ ಅಂಥ ಪತ್ರಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇನೆ. ಎಲ್ಲವೂ ಐವತ್ತು ವರ್ಷದ ಆಚೀಚಿನ ಲಾರಿಗಳನ್ನು ಕುರಿತವು. ಬರೆದವರಲ್ಲಿ ಹೆಚ್ಚಿನವರು ಮೊದಲು ದುಡ್ಡು ಖರ್ಚು ಮಾಡಿ ಆಮೇಲೆ ಲಕ್ಷಣ ವಿವರಿಸಿದ್ದಾರೆ ಎಂಬುದನ್ನು ಬೇಸರದಿಂದಲೇ ಹೇಳುತ್ತೇನೆ. ಸೆಲ್ಫ್ ಹೊಡೆದಾಗ ಇಂಜಿನ್ ಯಾವ ವೇಗದಲ್ಲಿ ತಿರುಗುತ್ತದೆ, ಆ ಹೊತ್ತಿನಲ್ಲಿ ಸೈಲೆನ್ಸರಿನಿಂದ ಹೊಗೆ ಬರುತ್ತದೆಯೇ, ಬಂದರೆ ಯಾವ ಬಣ್ಣದ್ದು ಎಂಬುದನ್ನು ನೋಡಿಕೊಳ್ಳದೆ ಸ್ಪ್ಯಾನರಿಗೆ ಕೈ ಹಾಕಬಾರದು. ಡೀಸೆಲ್ ಇಂಜಿನ್ ಸರಿಯಾದ ವೇಗದಲ್ಲಿ ತಿರುಗಿಯೂ ಹೊಗೆಯೇ ಕಾಣದಿದ್ದರೆ ಸಿಲಿಂಡರಿಗೆ ಡೀಸೆಲ್ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ತಲುಪುತ್ತಿದೆ, ಆದರೆ ಹೊತ್ತಿಕೊಳ್ಳುತ್ತಿಲ್ಲ. ತಿರುಗುವುದೇ ನಿಧಾನವಾದರೆ ಡೀಸೆಲಿನ ಗೊಡವೆಗೆ ಹೋಗುವ ಮೊದಲು ಬ್ಯಾಟರಿ ಮತ್ತು ವೈರುಗಳನ್ನು ನೋಡಬೇಕು. ಕೆಳಗಿನ ಉತ್ತರಗಳೆಲ್ಲ ಈ ಮೂರು ದಾರಿಗಳಲ್ಲಿ ಒಂದನ್ನು ಹಿಡಿದೇ ಹೋಗುತ್ತವೆ.

ಪ್ರಶ್ನೆ: ನಮ್ಮ ತಂದೆಯವರು ಕೊಂಡ 1967ರ ಟಾಟಾ ಮರ್ಸಿಡಿಸ್ ಬೆಂಝ್ ಲಾರಿ ಇನ್ನೂ ಮನೆಯಲ್ಲಿದೆ. ಒಂದು ಕಾಲಕ್ಕೆ ಅಡಿಕೆ ಮೂಟೆ ಹೊತ್ತು ದೇವಿಮನೆ ಘಟ್ಟ ಇಳಿದು ಹತ್ತಿದ ಗಾಡಿ. ಈಗ ವರ್ಷಕ್ಕೆ ನಾಲ್ಕಾರು ಸಲ ಹೊರಗೆ ತೆಗೆಯುತ್ತೇವೆ. ಬೆಳಿಗ್ಗೆ ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಬಿಳಿ ಹೊಗೆಯೂ ಧಾರಾಳವಾಗಿ ಬರುತ್ತದೆ, ಇಂಜಿನ್ ಮಾತ್ರ ಹಿಡಿಯುವುದಿಲ್ಲ. ಮನೆಯ ಮುಂದಿನ ಇಳಿಜಾರಿನಲ್ಲಿ ಉರುಳಿಸಿ ಗೇರಿಗೆ ಹಾಕಿದರೆ ಹಿಡಿಯುತ್ತದೆ. ಒಮ್ಮೆ ಬಿಸಿಯಾದ ಮೇಲೆ ದಿನವಿಡೀ ಸೆಲ್ಫ್ ಮುಟ್ಟಿದರೆ ಸಾಕು. ಬ್ಯಾಟರಿ ಹೊಸದು ಹಾಕಿಸಿದ್ದಾಯಿತು. ಈಗ ಗ್ಯಾರೇಜಿನವರು ಡೀಸೆಲ್ ಪಂಪು ಇಳಿಸಿ ಹುಬ್ಬಳ್ಳಿಗೆ ಕಳುಹಿಸಬೇಕೆನ್ನುತ್ತಾರೆ. ಕಳುಹಿಸಲೇ?
— ಓದುಗರೊಬ್ಬರು, ಸಿರ್ಸಿ

ಉತ್ತರ: ಸದ್ಯಕ್ಕೆ ಕಳುಹಿಸಬೇಡಿ. ಇಳಿಜಾರಿನಲ್ಲಿ ಹಿಡಿದ ಮೇಲೆ ಆರೂ ಸಿಲಿಂಡರಿನಲ್ಲಿ ಸಮವಾಗಿ ಓಡುವ, ಬಿಸಿಯಾದ ಮೇಲೆ ಒಂದೇ ಮುಟ್ಟಿಗೆ ಏಳುವ ಇಂಜಿನ್ನಿನ ಪಂಪು ಕೆಟ್ಟಿರುವ ಸಂಭವ ಬಹಳ ಕಡಿಮೆ. ನೀವು ಬರೆದ ಪ್ರತಿಯೊಂದು ಲಕ್ಷಣವೂ ಹೀಟರ್ ಪ್ಲಗ್ಗಿನ ಕಡೆಗೇ ಬೆರಳು ತೋರಿಸುತ್ತಿದೆ.

ಟಾಟಾ ಲಾರಿ ತಯಾರಿಸುತ್ತಿದ್ದ ಟೆಲ್ಕೊ ಮತ್ತು ಜರ್ಮನಿಯ ಡೈಮ್ಲರ್ ಬೆಂಝ್ ನಡುವಿನ ಒಪ್ಪಂದ 1954ರಿಂದ 1969ರವರೆಗೆ ಇತ್ತು. ಆ ಅವಧಿಯ ಲಾರಿಗಳಲ್ಲಿ ಬಂದ ಓ.ಎಂ. 312 ಇಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ತಲೆಯ ಮೇಲೆ ಬೀಳುವುದಿಲ್ಲ. ಹೆಡ್ಡಿನೊಳಗೆ ಪ್ರೀ-ಚೇಂಬರ್ ಎಂಬ ಸಣ್ಣ ಕೋಣೆಯಿದ್ದು, ಅಲ್ಲಿ ಹೊತ್ತಿಕೊಂಡ ಮೇಲೆ ಉರಿ ಸಿಲಿಂಡರಿಗೆ ನುಗ್ಗುತ್ತದೆ. ತಣ್ಣಗಿರುವ ಇಂಜಿನ್ನಿನಲ್ಲಿ, ಪಿಸ್ಟನ್ ಒತ್ತಿ ಬಿಸಿ ಮಾಡಿದ ಗಾಳಿಯ ಶಾಖವನ್ನೆಲ್ಲ ಆ ಕೋಣೆಯ ಗೋಡೆಗಳು ಹೀರಿಬಿಡುತ್ತವೆ. ಅದಕ್ಕಾಗಿಯೇ ಪ್ರತಿ ಕೋಣೆಗೂ ಒಂದೊಂದು ಹೀಟರ್ ಪ್ಲಗ್ ಇಟ್ಟಿರುವುದು. ಇಳಿಜಾರಿನಲ್ಲಿ ಉರುಳಿಸಿದಾಗ ಸೆಲ್ಫಿಗಿಂತ ಹೆಚ್ಚು ವೇಗವಾಗಿ, ಹೆಚ್ಚು ಹೊತ್ತು ಇಂಜಿನ್ ತಿರುಗುವುದರಿಂದ ಪ್ಲಗ್ಗಿನ ನೆರವಿಲ್ಲದೆಯೂ ಗಾಳಿ ಸಾಕಷ್ಟು ಕಾಯುತ್ತದೆ. ಹಿಂದೆ ಸಂಜೆ ಲಾರಿಯನ್ನು ಏರಿನಲ್ಲೇ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ ಡ್ರೈವರುಗಳು ಎಷ್ಟೋ ಮಂದಿ ಸತ್ತ ಹೀಟರ್ ಪ್ಲಗ್ಗಿನೊಂದಿಗೇ ವರ್ಷಗಟ್ಟಲೆ ಸಂಸಾರ ಮಾಡಿದವರು.

ಈ ಇಂಜಿನ್ನಿನ ವಿಶೇಷವೆಂದರೆ ಆರೂ ಪ್ಲಗ್ಗುಗಳು ಒಂದರ ಹಿಂದೊಂದು ಸರಪಳಿಯಂತೆ ಜೋಡಿಕೊಂಡಿರುವುದು. ದೀಪಾವಳಿಗೆ ತೂಗುಬಿಡುವ ಹಳೆಯ ಸೀರಿಯಲ್ ದೀಪದ ಸರವನ್ನು ನೆನಪಿಸಿಕೊಳ್ಳಿ: ಒಂದು ಬಲ್ಬು ಹೋದರೆ ಇಡೀ ಸರ ಕತ್ತಲೆ. ಇಲ್ಲಿಯೂ ಹಾಗೆಯೇ, ಒಂದು ಪ್ಲಗ್ಗಿನ ತಂತಿ ತುಂಡಾದರೆ ಆರೂ ತಣ್ಣಗೆ. ಡ್ಯಾಶ್‌ಬೋರ್ಡಿನಲ್ಲಿ ಸಣ್ಣ ಜಾಲರಿಯ ಹಿಂದೆ ಒಂದು ಸುರುಳಿ ತಂತಿ ಇರುತ್ತದೆ; ಅದೂ ಇದೇ ಸರಪಳಿಯ ಒಂದು ಕೊಂಡಿ. ಸ್ವಿಚ್ಚನ್ನು ಹೀಟರ್ ಸ್ಥಾನದಲ್ಲಿ ಹಿಡಿದು ಮನಸ್ಸಿನಲ್ಲೇ ಅರವತ್ತರವರೆಗೆ ಎಣಿಸಿ. ಅಷ್ಟರೊಳಗೆ ಸುರುಳಿ ನಿಧಾನವಾಗಿ ಕೆಂಪಾದರೆ ಸರಪಳಿ ಸರಿಯಿದೆ. ಏನೂ ಕಾಣದಿದ್ದರೆ ಎಲ್ಲೋ ತುಂಡಾಗಿದೆ. ತಟ್ಟನೆ, ಕಣ್ಣಿಗೆ ಚುಚ್ಚುವಷ್ಟು ಹೊಳೆದರೆ ಯಾವುದೋ ಒಂದು ಪ್ಲಗ್ಗಿನ ಬಳಿ ಮಸಿ ಕಟ್ಟಿಕೊಂಡು ಕರೆಂಟು ಮಧ್ಯದಲ್ಲೇ ಅರ್ತಿಗೆ, ಅಂದರೆ ಇಂಜಿನ್ನಿನ ಮೈಗೆ, ಇಳಿಯುತ್ತಿದೆ, ಅದರಾಚೆಯ ಪ್ಲಗ್ಗುಗಳಿಗೆ ಏನೂ ಸಿಗುತ್ತಿಲ್ಲ.

ತುಂಡಾದ ಜಾಗ ಹುಡುಕಲು ಒಂದು ಟೆಸ್ಟ್ ಲ್ಯಾಂಪ್ ಸಾಕು. ದೀಪದ ಒಂದು ತುದಿಯನ್ನು ಇಂಜಿನ್ ಬ್ಲಾಕಿನ ಬೋಲ್ಟಿಗೆ ಕಚ್ಚಿಸಿ, ಇನ್ನೊಬ್ಬರಿಂದ ಸ್ವಿಚ್ ಹಿಡಿಸಿ, ಕರೆಂಟು ಬರುವ ಕಡೆಯ ಪ್ಲಗ್ಗಿನಿಂದ ಶುರುಮಾಡಿ ಒಂದೊಂದೇ ತಿರುಪಿಗೆ ಮುಟ್ಟಿಸುತ್ತಾ ಹೋಗಿ. ಎಲ್ಲಿಯವರೆಗೆ ದೀಪ ಬೆಳಗುತ್ತದೆಯೋ ಅಲ್ಲಿಯವರೆಗೆ ದಾರಿ ಸರಿಯಿದೆ; ಯಾವ ಪ್ಲಗ್ಗಿನ ಈಚೆ ಬೆಳಗಿ ಆಚೆ ಬೆಳಗುವುದಿಲ್ಲವೋ ಸತ್ತದ್ದು ಅದೇ. ಪ್ಲಗ್ಗುಗಳ ನಡುವಿನ ಪಟ್ಟಿಗಳ ತುದಿಯಲ್ಲಿ ಹಸಿರು ಕಿಲುಬು ಕಟ್ಟಿದ್ದರೂ ಇದೇ ಲಕ್ಷಣ ಕಾಣಿಸುತ್ತದೆಯಾದ್ದರಿಂದ, ಪ್ಲಗ್ ಬಿಚ್ಚುವ ಮೊದಲು ನಟ್ಟುಗಳನ್ನು ಸಡಿಲಿಸಿ, ಪಟ್ಟಿಗಳನ್ನು ಮರಳು ಕಾಗದದಲ್ಲಿ ತಿಕ್ಕಿ ಕೂರಿಸಿ ಮತ್ತೊಮ್ಮೆ ನೋಡಿ.

ಇಲ್ಲೊಂದು ಎಚ್ಚರಿಕೆ. ಬಿಚ್ಚಿದ ಪ್ಲಗ್ಗನ್ನು ನೇರವಾಗಿ ಬ್ಯಾಟರಿಗೆ ಮುಟ್ಟಿಸಿ ಪರೀಕ್ಷಿಸುವ ಚಾಳಿ ಗ್ಯಾರೇಜುಗಳಲ್ಲಿ ಇದೆ. ಆರು ಪ್ಲಗ್ಗುಗಳು 12 ವೋಲ್ಟನ್ನು ಹಂಚಿಕೊಳ್ಳುವಾಗ ಒಂದಕ್ಕೆ ಸಿಗುವುದು 2 ವೋಲ್ಟಿಗಿಂತ ಕಡಿಮೆ. ಅಂಥದಕ್ಕೆ 12 ವೋಲ್ಟ್ ಪೂರ್ತಿ ಕೊಟ್ಟರೆ ಒಳ್ಳೆಯ ಪ್ಲಗ್ಗೂ ಒಂದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಹಾಗೆಯೇ, ಹಳೆಯ ಮಾದರಿಯದು ಸಿಗಲಿಲ್ಲವೆಂದು ಈಗಿನ ಪೆನ್ಸಿಲ್ ಆಕಾರದ ಪ್ಲಗ್ಗನ್ನು ಸರಪಳಿಯ ನಡುವೆ ಒಂದೇ ಒಂದು ತುರುಕಬೇಡಿ. ಅದರ ವೋಲ್ಟೇಜೂ ಬೇರೆ, ಜೋಡಣೆಯೂ ಬೇರೆ. ಹೊಸ ಪ್ಲಗ್ ಹಾಕಿದ ಕೆಲವೇ ತಿಂಗಳಲ್ಲಿ ಅದೇ ಸಿಲಿಂಡರಿನಲ್ಲಿ ಮತ್ತೆ ಮಸಿ ಕಟ್ಟಿದರೆ ಆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನೋಝಲ್ ತೊಟ್ಟಿಕ್ಕುತ್ತಿದೆ ಎಂದು ತಿಳಿಯಿರಿ. ಆಗ ಹುಬ್ಬಳ್ಳಿಗೆ ಹೋಗಬೇಕಾದದ್ದು ಆ ಒಂದು ನೋಝಲ್, ಪಂಪಲ್ಲ.

ಪ್ರಶ್ನೆ: ನನ್ನದು ಹಳೆಯ ಲೇಲ್ಯಾಂಡ್ ಕಾಮೆಟ್, ಎರಡು ಬ್ಯಾಟರಿ ಸೇರಿಸಿ 24 ವೋಲ್ಟ್. ಮಳೆಗಾಲದಲ್ಲಿ ಸೆಲ್ಫ್ ಒಮ್ಮೆ ‘ಟಕ್’ ಎಂದು ಸುಮ್ಮನಾಗುತ್ತದೆ, ಇನ್ನೊಮ್ಮೆ ನರಳುತ್ತಾ ಅರ್ಧ ಸುತ್ತು ತಿರುಗುತ್ತದೆ. ಎರಡು ವರ್ಷದಲ್ಲಿ ಎರಡು ಬಾರಿ ಬ್ಯಾಟರಿ ಬದಲಿಸಿದೆ, ಸೆಲ್ಫಿಗೆ ಬುಷ್ ಮತ್ತು ಕಾರ್ಬನ್ ಹಾಕಿಸಿದೆ. ಇದಕ್ಕೂ ಹೀಟರ್ ಪ್ಲಗ್ ಹಾಕಿಸಬಹುದೇ?
— ಓದುಗರೊಬ್ಬರು, ಅಂಕೋಲಾ

ಉತ್ತರ: ಹೀಟರ್ ಪ್ಲಗ್ಗಿನ ಮಾತು ಬಿಡಿ. ಕಾಮೆಟ್ಟಿನ ಇಂಜಿನ್ನಿನಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ಮೇಲೆಯೇ ಸಿಂಪಡವಾಗುತ್ತದೆ; ಸಾಕಷ್ಟು ವೇಗವಾಗಿ ತಿರುಗಿಸಿದರೆ ನಮ್ಮ ಕರಾವಳಿಯ ಹವೆಯಲ್ಲಿ ಅದಕ್ಕೆ ಬೇರೆ ಬಿಸಿ ಬೇಕಿಲ್ಲ. ನಿಮ್ಮ ತೊಂದರೆ ತಿರುಗುವ ವೇಗದ್ದು.

ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿದ ಮಳೆ, ಅದರ ಮೇಲೆ ಉಪ್ಪುಗಾಳಿ. ಇವೆರಡೂ ಸೇರಿ ತಾಮ್ರವನ್ನು ಒಳಗಿನಿಂದ ತಿನ್ನುತ್ತವೆ. ಹೊರಗೆ ರಬ್ಬರು ಹೊಸದರಂತೆ ಹೊಳೆಯುತ್ತಿದ್ದ ಒಂದು ಬ್ಯಾಟರಿ ಕೇಬಲನ್ನು, ಮಾಲೀಕರು ನಂಬದಿದ್ದಾಗ, ಅವರೆದುರಿಗೇ ತುದಿಯಿಂದ ಒಂದು ಗೇಣು ಸೀಳಿ ತೋರಿಸಿದ್ದೆ. ಒಳಗೆ ಎಳೆಗಳೇ ಇರಲಿಲ್ಲ. ಹಸಿರು ಪುಡಿ ಬೆಂಚಿನ ಮೇಲೆ ಉದುರಿತು, ಅದರ ನಡುವೆ ಐದಾರು ಕೆಂಪು ತಂತಿಗಳು ಉಳಿದಿದ್ದವು. ಅಂಥ ಕೇಬಲಿನಲ್ಲಿ ಹೆಡ್‌ಲೈಟ್ ಚೆನ್ನಾಗಿಯೇ ಉರಿಯುತ್ತದೆ, ಏಕೆಂದರೆ ಹೆಡ್‌ಲೈಟಿಗೆ ಬೇಕಾದದ್ದು ಕೆಲವೇ ಆಂಪಿಯರ್. ಸೆಲ್ಫಿಗೆ ಬೇಕಾದದ್ದು ನೂರಾರು.

ಆದ್ದರಿಂದ ಕಣ್ಣಿನಿಂದ ನೋಡಿ ತೀರ್ಮಾನಿಸಬೇಡಿ, ಮೀಟರಿನಿಂದ ಅಳೆಯಿರಿ. ರಾತ್ರಿಯಿಡೀ ನಿಂತ ಮೇಲೆ ಎರಡು ಬ್ಯಾಟರಿಗಳನ್ನೂ ಬೇರೆ ಬೇರೆಯಾಗಿ ಅಳೆದರೆ ತಲಾ 12.6 ವೋಲ್ಟ್ ಇರಬೇಕು, 12.0 ಇದ್ದರೆ ಅದು ಕಾಲು ಪಾಲೂ ತುಂಬಿಲ್ಲವೆಂದೇ ಲೆಕ್ಕ. ಹೈಡ್ರೋಮೀಟರ್ ಇದ್ದರೆ ಪ್ರತಿ ಸೆಲ್ಲಿನ ಆಸಿಡ್ 1.260ರ ಆಸುಪಾಸು ತೋರಿಸಬೇಕು, ಒಂದು ಸೆಲ್ ಮಾತ್ರ ಬಹಳ ಕೆಳಗಿದ್ದರೆ ಆ ಬ್ಯಾಟರಿಯ ಕಥೆ ಮುಗಿದಂತೆ. ಆಮೇಲೆ ಇಂಜಿನ್ ಹಿಡಿಯದಂತೆ ಸ್ಟಾಪ್ ಕೇಬಲ್ ಎಳೆದಿಟ್ಟು, ಸಹಾಯಕರಿಂದ ಸೆಲ್ಫ್ ಹೊಡೆಸುತ್ತಾ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಗುಬುಟಿನ ಮೇಲೂ ಇನ್ನೊಂದನ್ನು ಸೆಲ್ಫಿನ ಮೈಮೇಲೂ ಇಡಿ. ಕೇಬಲ್ ಸರಿಯಿದ್ದರೆ ಮೀಟರ್ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸುತ್ತದೆ. 2 ವೋಲ್ಟ್, 3 ವೋಲ್ಟ್ ತೋರಿಸಿದರೆ ಅಷ್ಟು ವೋಲ್ಟೇಜನ್ನು ದಾರಿಯಲ್ಲೇ ಕಿಲುಬು ತಿನ್ನುತ್ತಿದೆ. ಪಾಸಿಟಿವ್ ಕಡೆಯಲ್ಲಿಯೂ ಬ್ಯಾಟರಿಯಿಂದ ಸೆಲ್ಫಿನ ತಿರುಪಿನವರೆಗೆ ಹೀಗೆಯೇ ಅಳೆಯಿರಿ. ನನ್ನ ಅನುಭವದಲ್ಲಿ ಹತ್ತಕ್ಕೆ ಆರು ಸಲ ಅಪರಾಧಿ ಅರ್ತ್ ಪಟ್ಟಿ, ಅಂದರೆ ಇಂಜಿನ್ನಿನಿಂದ ಛಾಸಿಗೆ ಹೋಗುವ ಹೆಣೆದ ಪಟ್ಟಿ. ಬಣ್ಣ ಬಳಿಯುವವರು ಛಾಸಿಯ ಜೊತೆಗೆ ಅದನ್ನೂ ಬಳಿದುಬಿಟ್ಟಿರುತ್ತಾರೆ. ಬಿಚ್ಚಿ, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ.

ಪತ್ರದ ಕೊನೆಗೆ ನೀವು ‘ಹೊಸದಾಗಿ ಹಾಡಿನ ಡೆಕ್ಕು ಹಾಕಿಸಿದ್ದೇವೆ’ ಎಂದು ಸಂಭ್ರಮದಿಂದ ಬರೆದಿದ್ದೀರಿ. ಅದು 12 ವೋಲ್ಟಿನದಾಗಿದ್ದು, ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ಅದಕ್ಕೆ ವೈರು ಎಳೆದಿದ್ದರೆ, ನಿಮ್ಮ ಎರಡು ಬ್ಯಾಟರಿಗಳ ಅಕಾಲ ಮರಣಕ್ಕೆ ಕಾರಣ ಸಿಕ್ಕಂತೆಯೇ. ಆ ಒಂದು ಬ್ಯಾಟರಿ ದಿನವೂ ಖಾಲಿಯಾಗುತ್ತದೆ, ಚಾರ್ಜು ಮಾತ್ರ ಎರಡಕ್ಕೂ ಸಮನಾಗಿ ಹೋಗುತ್ತದೆ. ಒಂದು ಸದಾ ಹಸಿದಿರುತ್ತದೆ, ಇನ್ನೊಂದು ಅತಿಯಾಗಿ ತುಂಬಿ ಕುದಿಯುತ್ತದೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ, ಇಲ್ಲವೇ ಹಾಡು ನಿಲ್ಲಿಸಿ.

ಇನ್ನೊಂದು ಮಾತು: ಹಳೆಯ ಲೇಲ್ಯಾಂಡ್ ಇಂಜಿನ್ನುಗಳನ್ನು ಬಲ್ಲವರು ಸಿಗುತ್ತಿಲ್ಲವೆಂದು ದೂರಿದ್ದೀರಿ. ರಸ್ತೆಯ ಪಕ್ಕದ ಗ್ಯಾರೇಜುಗಳಲ್ಲಿ ಹುಡುಕುವ ಬದಲು ಕಾರವಾರದ ಬೈತಕೋಲ ಬಂದರಿನ ಕಡೆಗೊಮ್ಮೆ ಹೋಗಿ. ಟ್ರಾಲರ್ ಬೋಟುಗಳಲ್ಲಿ ಲೇಲ್ಯಾಂಡ್ ಇಂಜಿನ್ ಬಿಚ್ಚಿ ಕಟ್ಟಿದ ಕೈಗಳು ಅಲ್ಲಿವೆ, ಉಪ್ಪು ಏನು ಮಾಡುತ್ತದೆಂದು ಅವರಿಗೆ ಬೇರೆ ಹೇಳಿಕೊಡಬೇಕಾಗಿಲ್ಲ.

ಪ್ರಶ್ನೆ: ಪ್ರತಿ ಬೆಳಿಗ್ಗೆ ಹ್ಯಾಂಡ್ ಪ್ರೈಮರ್ (ಡೀಸೆಲ್ ಎಳೆಯುವ ಕೈಪಂಪು) ಐವತ್ತು ಸಲ ಒತ್ತದೆ ನಮ್ಮ ಲಾರಿ ಏಳುವುದಿಲ್ಲ. ಮುಂಭಾಗ ಮೇಲಾಗಿ ನಿಲ್ಲಿಸಿದ ದಿನವಂತೂ ನೂರಾಗುತ್ತದೆ. ಎಲ್ಲಿಯೂ ಡೀಸೆಲ್ ತೊಟ್ಟಿಕ್ಕಿದ ಗುರುತಿಲ್ಲ.
— ಓದುಗರೊಬ್ಬರು, ಕುಮಟಾ

ಉತ್ತರ: ತೊಟ್ಟಿಕ್ಕದಿರುವುದರಿಂದಲೇ ನಿಮಗೆ ಜಾಗ ಸಿಕ್ಕಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಮುಖ್ಯ ಪಂಪಿಗೆ ಡೀಸೆಲ್ ಎಳೆದು ಕೊಡುವ ಸಣ್ಣ ಪಂಪು) ಪೈಪು ಹೀರುವ ಪೈಪು. ಅಲ್ಲಿ ಸಂದು ಬಿಟ್ಟರೆ ಡೀಸೆಲ್ ಹೊರಗೆ ಬರುವುದರ ಬದಲು ಗಾಳಿ ಒಳಗೆ ಹೋಗುತ್ತದೆ. ಹಗಲು ಓಡುವಾಗ ಆ ಅಲ್ಪ ಗಾಳಿ ತಿಳಿಯುವುದಿಲ್ಲ. ರಾತ್ರಿ ನಿಂತಾಗ ಅದೇ ಸಂದಿನಿಂದ ಗಾಳಿ ನುಸುಳಿ, ಪೈಪಿನಲ್ಲಿದ್ದ ಡೀಸೆಲ್ ಮೆಲ್ಲನೆ ಟ್ಯಾಂಕಿಗೆ ಇಳಿದುಹೋಗುತ್ತದೆ. ಮೂತಿ ಮೇಲಾಗಿ ನಿಲ್ಲಿಸಿದರೆ ಇನ್ನಷ್ಟು ಬೇಗ ಇಳಿಯುತ್ತದೆ.

ಪೈಪನ್ನೆಲ್ಲ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿ. ಐದು ಲೀಟರಿನ ಶುಭ್ರವಾದ ಕ್ಯಾನಿನಲ್ಲಿ ಡೀಸೆಲ್ ತುಂಬಿ, ಇಂಜಿನ್ನಿಗಿಂತ ಎತ್ತರದಲ್ಲಿ, ಸೈಲೆನ್ಸರಿನಿಂದ ದೂರ ಕಟ್ಟಿ, ಅದರಿಂದ ಪಾರದರ್ಶಕ ಪ್ಲಾಸ್ಟಿಕ್ ಪೈಪಿನಲ್ಲಿ ನೇರವಾಗಿ ಫೀಡ್ ಪಂಪಿಗೆ ಕೊಡಿ. ಫಿಲ್ಟರಿನ ಮೇಲಿನ ಏರ್ ಸ್ಕ್ರೂವನ್ನೂ ಆಮೇಲೆ ಪಂಪಿನದನ್ನೂ ಸಡಿಲಿಸಿ, ನೊರೆ ಹೋಗಿ ಗಟ್ಟಿಯಾದ ಧಾರೆ ಬರುವವರೆಗೆ ಪ್ರೈಮರ್ ಒತ್ತಿ ಬಿಗಿಯಿರಿ. ಒಮ್ಮೆ ಸ್ಟಾರ್ಟ್ ಮಾಡಿ ನಿಲ್ಲಿಸಿ, ರಾತ್ರಿ ಹಾಗೆಯೇ ಬಿಡಿ. ಬೆಳಿಗ್ಗೆ ಪ್ರೈಮರ್ ಮುಟ್ಟದೆ ಎದ್ದರೆ ದೋಷ ಟ್ಯಾಂಕಿನ ಕಡೆಯ ಪೈಪಿನಲ್ಲಿ ಅಥವಾ ಡೀಸೆಲನ್ನು ಹಿಂದಕ್ಕೆ ಬಿಡುತ್ತಿರುವ ಫೀಡ್ ಪಂಪಿನ ವಾಲ್ವಿನಲ್ಲಿದೆ. ಆಗಲೂ ಏಳದಿದ್ದರೆ ಫಿಲ್ಟರ್ ಮತ್ತು ಮುಖ್ಯ ಪಂಪಿನ ನಡುವೆ ಹುಡುಕಿ.

ಪೈಪಿನಲ್ಲಿ ನಾನು ಮೊದಲು ನೋಡುವುದು ಛಾಸಿಗೆ ಅದನ್ನು ಹಿಡಿದಿರುವ ಕ್ಲಿಪ್ಪುಗಳ ಕೆಳಗೆ. ಮಳೆನೀರು ಅಲ್ಲಿ ನಿಂತು, ಹೊರಗೆ ಕಾಣದ ಹಾಗೆ ಸೂಜಿಮೊನೆಯಷ್ಟು ತೂತು ಕೊರೆದಿರುತ್ತದೆ. ಆಮೇಲೆ ಪೈಪಿನ ತುದಿಗಳನ್ನು ಹಿಡಿದಿರುವ ಬ್ಯಾಂಜೋ ಬೋಲ್ಟುಗಳ ತಾಮ್ರದ ವಾಷರುಗಳು. ಪ್ರತಿ ಸಲ ಬಿಗಿದಾಗಲೂ ತಾಮ್ರ ಗಡಸಾಗುತ್ತದೆ, ಗಡಸಾದದ್ದು ಸಂದು ಮುಚ್ಚುವುದಿಲ್ಲ. ಹೊಸದು ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ; ನೀರು ಕಂಡರೆ ಉಕ್ಕು ಗಡಸಾಗುವಂತೆ ತಾಮ್ರ ಆಗುವುದಿಲ್ಲ, ಮೆತ್ತಗಾಗಿಯೇ ಉಳಿಯುತ್ತದೆ. ಒಂದರ ಮೇಲೊಂದು ಎರಡು ವಾಷರ್ ಹಾಕುವುದು, ನೂಲು ಸುತ್ತುವುದು, ಸೋಪು ಮೆತ್ತುವುದು ಇವೆಲ್ಲ ಊರು ಸೇರುವವರೆಗಿನ ಉಪಾಯಗಳು.

ಪ್ರಶ್ನೆ: ನಿನ್ನೆ ಸಂಜೆ ಚೆನ್ನಾಗಿ ಓಡಿ ಬಂದು ನಿಂತ ಲಾರಿ ಇಂದು ಬೆಳಿಗ್ಗೆ ಸೆಲ್ಫಿಗೆ ಭರದಿಂದ ತಿರುಗುತ್ತದೆ, ಆದರೆ ಒಂದು ಎಳೆ ಹೊಗೆಯೂ ಇಲ್ಲ. ಫಿಲ್ಟರಿನವರೆಗೆ ಡೀಸೆಲ್ ಬರುತ್ತಿದೆ.
— ಓದುಗರೊಬ್ಬರು, ಕಾರವಾರ

ಉತ್ತರ: ಬಾನೆಟ್ ಎತ್ತಿ, ಪಂಪಿನ ಬದಿಯ ಸ್ಟಾಪ್ ಲಿವರನ್ನು ಬೆರಳಿನಿಂದ ಓಡುವ ದಿಕ್ಕಿಗೆ ಒತ್ತಿ ನೋಡಿ. ನಿಲ್ಲಿಸಲು ಎಳೆದ ಕೇಬಲ್ ತುಕ್ಕಿನಿಂದ ಹಿಂದಕ್ಕೆ ಬಾರದೆ ಸಿಕ್ಕಿಕೊಂಡಿರುತ್ತದೆ. ಡ್ಯಾಶ್‌ಬೋರ್ಡಿನ ಗುಬುಟು ಒಳಗೆ ಹೋದಂತೆ ಕಂಡರೂ ಪಂಪಿನ ಕಡೆಯ ತುದಿ ಕದಲಿರುವುದಿಲ್ಲ. ಇದನ್ನು ಇಷ್ಟು ಧೈರ್ಯದಿಂದ ಹೇಳುವುದಕ್ಕೆ ಕಾರಣವಿದೆ. ಆರಬೈಲ್ ಘಟ್ಟದ ಕೆಳಗೆ ಇಂಥದೇ ಒಂದು ಲಾರಿಯ ಏರ್ ತೆಗೆಯುತ್ತಾ, ನೋಝಲ್ ಪೈಪುಗಳನ್ನು ಸಡಿಲಿಸುತ್ತಾ ನಾನು ಅರ್ಧ ದಿನ ಕಳೆದಿದ್ದೆ. ಚಹಾ ತಂದ ಕ್ಲೀನರ್ ಹುಡುಗ ಬಗ್ಗಿ ನೋಡಿ, ‘ಅಣ್ಣಾ, ಈ ಲಿವರ್ ದಿನಾ ಹೀಂಗೇ ಇರ್ತದಾ?’ ಎಂದು ಕೇಳಿದ. ಅಂದು ಚಹಾದ ದುಡ್ಡನ್ನು ನಾನೇ ಕೊಟ್ಟೆ. ಕೇಬಲನ್ನು ಬಿಚ್ಚಿ ತೂಗುಹಾಕಿ, ಮೇಲಿನ ತುದಿಯಿಂದ ತೆಳುವಾದ ಎಣ್ಣೆ ಇಳಿಸಿ. ಎಳೆಗಳು ಹರಿದು ಚುಚ್ಚುತ್ತಿದ್ದರೆ ಹೊಸದು ಹಾಕಿ. ಲಿವರೇ ಬಿಗಿಯಾಗಿದ್ದರೆ ಬಡಿಯಬೇಡಿ, ಕಾರಣವನ್ನು ಕೆಳಗೆ ಹಳಿಯಾಳದವರಿಗೆ ಕೊಟ್ಟ ಉತ್ತರದಲ್ಲಿ ಬರೆದಿದ್ದೇನೆ.

ಪ್ರಶ್ನೆ: ಸ್ಟಾರ್ಟ್ ಆಗುತ್ತದೆ, ಹತ್ತು ನಿಮಿಷ ಓಡುತ್ತದೆ, ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏಳುತ್ತದೆ.
— ಓದುಗರೊಬ್ಬರು, ಭಟ್ಕಳ

ಉತ್ತರ: ಡೀಸೆಲ್ ಟ್ಯಾಂಕಿನ ಮುಚ್ಚಳ ಸಡಿಲ ಬಿಟ್ಟು ಓಡಿಸಿ ನೋಡಿ. ನಿಲ್ಲದಿದ್ದರೆ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ತೂತು ಮುಚ್ಚಿದೆ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಆ ತೂತೆಂದರೆ ಏನೋ ಪ್ರೀತಿ. ಒಂದು ಕಡ್ಡಿಯಲ್ಲಿ ಚುಚ್ಚಿ ತೆಗೆದರೆ ಮುಗಿಯಿತು. ಮುಚ್ಚಳ ತೆಗೆದರೂ ನಿಂತರೆ ಟ್ಯಾಂಕಿನೊಳಗಿನ ಹೀರುಗೊಳವೆಯ ಬಾಯಿಗೆ ಪಾಚಿಯಂಥ ಲೋಳೆಯೋ ತುಕ್ಕಿನ ಚಕ್ಕೆಯೋ ಅಂಟಿಕೊಳ್ಳುತ್ತಿದೆ. ಅರ್ಧ ಖಾಲಿಯಾದ ಟ್ಯಾಂಕಿನ ಗೋಡೆಗೆ ಮಳೆಗಾಲದ ರಾತ್ರಿಗಳಲ್ಲಿ ನೀರಿನ ಹನಿ ಕಟ್ಟಿ ತಳ ಸೇರುತ್ತದೆ, ಆ ನೀರಿನ ಮೇಲೆಯೇ ಲೋಳೆ ಬೆಳೆಯುವುದು. ತಳದ ಬೋಲ್ಟ್ ತೆಗೆದು ಒಂದು ಬಾಟಲಿಗೆ ಹಿಡಿದು ನೋಡಿ.

ಪ್ರಶ್ನೆ: ನಮ್ಮಲ್ಲಿನ ಹಿರಿಯ ಡ್ರೈವರೊಬ್ಬರು ಏರ್ ಕ್ಲೀನರಿನ ಬಾಯಿಗೆ ಉರಿಯುವ ಚಿಂದಿ ಹಿಡಿದು ಸೆಲ್ಫ್ ಹೊಡೆಯುತ್ತಾರೆ. ಇದು ಸರಿಯೇ?
— ಓದುಗರೊಬ್ಬರು, ಹೊನ್ನಾವರ

ಉತ್ತರ: ಸರಿಯಲ್ಲ. ಹಳೆಯ ಲಾರಿಗಳ ಏರ್ ಕ್ಲೀನರಿನ ಬುಡದಲ್ಲಿ ಎಣ್ಣೆ ಇರುತ್ತದೆ. ಅದು ಹೊತ್ತಿಕೊಂಡರೆ ಉರಿ ಇಂಜಿನ್ನಿನೊಳಗೂ ಕ್ಯಾಬಿನ್ನಿಗೂ ಹೋಗುತ್ತದೆ. ಅವರಿಗೆ ಬಿಸಿಯೇ ಬೇಕೆಂದಿದ್ದರೆ ಬಚ್ಚಲ ಹಂಡೆಯಿಂದ ಎರಡು ಕೊಡ ಬಿಸಿನೀರು ತಂದು, ರೇಡಿಯೇಟರಿನ ತಣ್ಣೀರು ಇಳಿಸಿ ಇದನ್ನು ಹೊಯ್ಯಲಿ. ಕೈ ಸುಡುವಷ್ಟು ಬಿಸಿಯಿದ್ದರೆ ಸಾಕು, ಕುದಿಯುವ ನೀರು ಬೇಡ.

ಪ್ರಶ್ನೆ: ನಮ್ಮ 1978ರ ಟಾಟಾ 1210 ಹನ್ನೆರಡು ವರ್ಷದಿಂದ ಕೊಟ್ಟಿಗೆಯ ಪಕ್ಕ ತಾಡಪತ್ರಿಯ ಕೆಳಗೆ ನಿಂತಿದೆ. ಮಗ ರಜೆಗೆ ಬಂದಿದ್ದಾನೆ, ಹೊಸ ಬ್ಯಾಟರಿ ತಂದಿದ್ದಾನೆ. ಏರ್ ಕ್ಲೀನರಿಗೆ ಈಥರ್ ಸ್ಪ್ರೇ ಹೊಡೆದರೆ ಐದು ನಿಮಿಷದಲ್ಲಿ ಏಳುತ್ತದೆ ಎನ್ನುತ್ತಾನೆ. ನನಗೆ ಧೈರ್ಯ ಬರುತ್ತಿಲ್ಲ.
— ಓದುಗರೊಬ್ಬರು, ಹಳಿಯಾಳ

ಉತ್ತರ: ನಿಮ್ಮ ಅಳುಕೇ ಸರಿ. ಬ್ಯಾಟರಿಯನ್ನು ಪೆಟ್ಟಿಗೆಯಲ್ಲೇ ಇರಲು ಬಿಡಿ. ಈಥರ್ ಬಹಳ ಕಡಿಮೆ ಶಾಖಕ್ಕೆ, ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿಯುತ್ತದೆ. ಹನ್ನೆರಡು ವರ್ಷ ಎಣ್ಣೆ ಕಾಣದ ರಿಂಗುಗಳಿಗೆ ಆ ಹೊಡೆತ ಬಿದ್ದರೆ ರಿಂಗು ಮುರಿಯಬಹುದು, ಪಿಸ್ಟನ್ ಒಡೆಯಬಹುದು. ಹೀಟರ್ ಪ್ಲಗ್ ಇರುವ ಇಂಜಿನ್ನಿನಲ್ಲಂತೂ ಅದು ಬೆಂಕಿಯ ಜೊತೆ ಆಟ. ಅದಕ್ಕಿಂತ ದೊಡ್ಡ ಅಪಾಯ ನೀರಿನದು. ತಾಡಪತ್ರಿ ಹರಿದಿದ್ದು, ವಾಲ್ವು ತೆರೆದು ನಿಂತಿರುವ ಸಿಲಿಂಡರಿಗೆ ಮಳೆನೀರು ಇಳಿದಿದ್ದರೆ, ನೀರು ಗಾಳಿಯಂತೆ ಒತ್ತಿಸಿಕೊಳ್ಳುವುದಿಲ್ಲ. ಸೆಲ್ಫ್ ಹೊಡೆದ ಮೊದಲ ಸುತ್ತಿನಲ್ಲೇ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಐದು ನಿಮಿಷದ ಕೆಲಸಕ್ಕೆ ಒಂದು ವಾರ ಕೊಡಿ. ಮೊದಲು ಸಂಪಿನ (ಇಂಜಿನ್ನಿನ ತಳದ ಎಣ್ಣೆ ತೊಟ್ಟಿ) ಬೋಲ್ಟ್ ನಿಧಾನವಾಗಿ ಸಡಿಲಿಸಿ. ಎಣ್ಣೆಗಿಂತ ನೀರು ಭಾರವಾದ್ದರಿಂದ ಒಳಗೆ ನೀರಿದ್ದರೆ ಮೊದಲು ಹೊರಬರುವುದು ಅದೇ. ಆಮೇಲೆ ಆರೂ ನೋಝಲ್ ಬಿಚ್ಚಿ, ಯಾವುದು ಯಾವ ಸಿಲಿಂಡರಿನದೆಂದು ಗುರುತು ಹಾಕಿ, ಪ್ರತಿ ತೂತಿಗೆ ಎರಡೆರಡು ಚಮಚ ತೆಳುವಾದ ಎಣ್ಣೆ ಬಿಟ್ಟು ಮೂರು ದಿನ ಮುಟ್ಟಬೇಡಿ. ನಾಲ್ಕನೆಯ ದಿನ ಗೇರ್ ನ್ಯೂಟ್ರಲ್ಲಿಗೆ ತಂದು, ಮುಂದಿನ ಪುಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿ. ಅಲ್ಲಾಡದಿದ್ದರೆ ಉದ್ದದ ಪೈಪು ಸಿಕ್ಕಿಸಿ ಜಗ್ಗಬೇಡಿ, ಇನ್ನಷ್ಟು ಎಣ್ಣೆ ಬಿಟ್ಟು ಇನ್ನೆರಡು ದಿನ ಕಾಯಿರಿ. ತಿರುಗಿತೆಂದರೆ ರಾಕರ್ ಕವರ್ ತೆಗೆದು, ನಿಮ್ಮ ಮಗನನ್ನು ಅಲ್ಲಿ ನಿಲ್ಲಿಸಿ, ನೀವು ತಿರುಗಿಸುತ್ತಿರುವಾಗ ಹನ್ನೆರಡು ವಾಲ್ವುಗಳೂ ಒಂದೊಂದಾಗಿ ಇಳಿದು ಮತ್ತೆ ಏರುತ್ತವೆಯೇ ಎಂದು ಎಣಿಸಲು ಹೇಳಿ. ಕೆಳಗೇ ಸಿಕ್ಕಿಕೊಂಡ ವಾಲ್ವಿಗೆ ಪಿಸ್ಟನ್ ಬಡಿದರೆ ವಾಲ್ವು ಬಾಗಬಹುದು.

ಈಗ ಪಂಪು. ಟ್ಯಾಂಕಿನ ಹಳೆಯ ಡೀಸೆಲನ್ನೆಲ್ಲ ಚೆಲ್ಲಿ, ಫಿಲ್ಟರ್ ಬದಲಿಸಿ, ಪಂಪಿನ ಪಕ್ಕದ ತಗಡು ತೆಗೆದು, ಡೀಸೆಲಿನ ಪ್ರಮಾಣ ಹೆಚ್ಚು ಕಡಿಮೆ ಮಾಡುವ ಒಳಗಿನ ರ‍್ಯಾಕ್ ಅನ್ನು ಬೆರಳಿನಿಂದ ಸರಿಸಿ ನೋಡಿ. ಅದು ಆಚೆಯಿಂದ ಈಚೆಗೆ ನುಣ್ಣಗೆ ಜಾರಬೇಕು. ನೀರು ಸೇರಿದ ಡೀಸೆಲ್ ಒಣಗಿ, ಡೀಸೆಲನ್ನು ಒತ್ತುವ ಪ್ಲಂಜರುಗಳು ಹಿಡಿದಿದ್ದರೆ ರ‍್ಯಾಕ್ ಕದಲುವುದಿಲ್ಲ. ಇಲ್ಲಿ ಮಾತ್ರ ನಾನು ಪಂಪನ್ನು ಬಿಚ್ಚಿ ಪಂಪಿನ ಅಂಗಡಿಗೆ ಕಳುಹಿಸಿ ಎನ್ನುತ್ತೇನೆ, ಏಕೆಂದರೆ ರ‍್ಯಾಕ್ ಪೂರ್ತಿ ಡೀಸೆಲ್ ಬಿಡುವ ಜಾಗದಲ್ಲಿ ಸಿಕ್ಕಿಕೊಂಡಿದ್ದು ಇಂಜಿನ್ ಹೇಗೋ ಎದ್ದರೆ, ಅದು ಯಾರ ಮಾತೂ ಕೇಳದೆ ಒಂದೇ ಸಮನೆ ಏರುತ್ತಾ ಹೋಗುತ್ತದೆ. ಕೀಲಿ ತೆಗೆದರೂ ನಿಲ್ಲುವುದಿಲ್ಲ, ಸ್ಟಾಪ್ ಕೇಬಲ್ ಎಳೆದರೂ ನಿಲ್ಲುವುದಿಲ್ಲ. ಡೀಸೆಲ್ ಇಂಜಿನ್ನನ್ನು ಆಗ ನಿಲ್ಲಿಸುವ ಉಪಾಯ ಗಾಳಿ ಮುಚ್ಚುವುದೊಂದೇ. ಆದ್ದರಿಂದ ಮೊದಲ ಸಲ ಸ್ಟಾರ್ಟ್ ಮಾಡುವಾಗ ಏರ್ ಕ್ಲೀನರಿನ ಮೇಲ್ಭಾಗ ಬಿಚ್ಚಿಟ್ಟು, ಆ ಬಾಯಿಯನ್ನು ಪೂರ್ತಿ ಮುಚ್ಚುವಷ್ಟು ಅಗಲದ ಮರದ ಹಲಗೆಯೊಂದನ್ನು ಕೈಯಲ್ಲಿ ಹಿಡಿದು ಒಬ್ಬರು ಸಿದ್ಧವಾಗಿ ನಿಂತಿರಬೇಕು. ಬಟ್ಟೆ ಹಿಡಿಯಬಾರದು, ಒಳಗೆ ಎಳೆದುಕೊಳ್ಳುತ್ತದೆ. ಅಂಗೈಯನ್ನಂತೂ ಖಂಡಿತ ಒಡ್ಡಬಾರದು.

ಇಷ್ಟಾದ ಮೇಲೆ ಹೊಸ ಎಣ್ಣೆ ತುಂಬಿ, ನೋಝಲ್ ಹಾಕುವ ಮೊದಲೇ ಬ್ಯಾಟರಿ ಜೋಡಿಸಿ, ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ಹತ್ತು ಹತ್ತು ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ತೂತುಗಳಿಂದ ಎಣ್ಣೆ ಚಿಮ್ಮುತ್ತದೆ, ಮುಖ ದೂರವಿರಲಿ. ಆಮೇಲೆ ಹೊಸ ವಾಷರಿನೊಂದಿಗೆ ನೋಝಲುಗಳನ್ನು ಕೂರಿಸಿ, ಏರ್ ತೆಗೆದು ಸ್ಟಾರ್ಟ್ ಮಾಡಿ. ಮೊದಲ ಎರಡು ಮೂರು ನಿಮಿಷ ನೀವು ಬಿಟ್ಟ ಎಣ್ಣೆಯೇ ಉರಿದು ನೀಲಿ ಹೊಗೆ ಕೊಟ್ಟಿಗೆಯನ್ನೆಲ್ಲ ತುಂಬುವುದರಿಂದ ಹಸುಗಳನ್ನು ಮುಂಚೆಯೇ ಹೊರಗೆ ಕಟ್ಟಿ. ಕೈಯಿಂದ ತಿರುಗಿಸುವಾಗ ಯಾವ ಸಿಲಿಂಡರಿನ ತೂತಿನಿಂದಲಾದರೂ ನೀರು ಬಂದರೆ ಮುಂದುವರಿಯದೆ ಅದರ ಸಂಖ್ಯೆಯನ್ನು ನನಗೆ ಬರೆಯಿರಿ. ನೀರು ಒಳಗೆ ಇಳಿದ ದಾರಿ ಸೈಲೆನ್ಸರಿನ ಕಡೆಯದೋ ಹೆಡ್ ಗ್ಯಾಸ್ಕೆಟ್ಟಿನದೋ ಎಂದು ಅದರಿಂದ ಊಹಿಸಬಹುದು.